ಬಾಸ್ಟನ್‌ನಲ್ಲಿ ಜುಲೈ ನಾಲ್ಕಕ್ಕೆ ಓಲ್ಡ್ ಐರನ್‌ಸೈಡ್ಸ್ ಹಡಗು: ಹತ್ತೋದು ಹೇಗೆ, ಹತ್ತೋಕಾಗ್ಲಿಲ್ಲ ಅಂದ್ರೆ ಎಲ್ಲಿ ನಿಂತು ನೋಡೋದು

ಬಾಸ್ಟನ್ ಸುತ್ತಮುತ್ತ ಇರೋ ನಮ್ಮವರ ಮನೆಗಳಲ್ಲಿ ಸಮ್ಮರ್‌ಗೆ ಊರಿಂದ ಅಪ್ಪ ಅಮ್ಮ ಬಂದಿದ್ರೆ ಜೂನ್ ಕೊನೆ ಹೊತ್ತಿಗೆ ಶುರುವಾಗೋ ಮಾತು ಒಂದೇ, ಜುಲೈ ನಾಲ್ಕಕ್ಕೆ, ಅಂದ್ರೆ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ, ಎಲ್ಲಿಗ್ ಹೋಗೋದು ಅಂತ. ಎಲ್ರೂ ರಾತ್ರಿ ಪಟಾಕಿ ಬಗ್ಗೆನೇ ಯೋಚ್ನೆ ಮಾಡ್ತಾರೆ, ಚಾರ್ಲ್ಸ್ ನದಿ ದಡದಲ್ಲಿ ಮಧ್ಯಾಹ್ನದಿಂದನೇ ಜಮಖಾನ ಹಾಸ್ಕೊಂಡು ಕೂತು ರಾತ್ರಿ ಹನ್ನೊಂದಕ್ಕೆ ಟ್ರೈನಲ್ಲಿ ಉಸಿರುಗಟ್ಟಿಸ್ಕೊಂಡು ವಾಪಸ್ ಬರ್ತಾರೆ. ಅದೇ ದಿನ ಬೆಳಗ್ಗೆ ಬಂದರಲ್ಲಿ ಇನ್ನೂರು ವರ್ಷಕ್ಕಿಂತ ಹಳೇ ಯುದ್ಧದ ಹಡಗೊಂದು ಹೊರಗೆ ಬಂದು ತೋಪು ಹಾರಿಸ್ಕೊಂಡು ಒಂದು ಸುತ್ತು ಹೋಗಿ ಬರುತ್ತೆ ಅನ್ನೋದು ಇಲ್ಲೇ ವರ್ಷಗಟ್ಲೆ ಇರೋರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇದನ್ನ ಬರೀತಿರೋದು, ಸ್ವಲ್ಪ ಉದ್ದ ಆಗುತ್ತೆ, ಬೇಕಾದ ಭಾಗ ಮಾತ್ರ ಓದ್ಕೊಳ್ಳಿ.

ಏನಿದು ಕ್ರೂಸ್

ಹಡಗಿನ ಹೆಸರು ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್, ಓಲ್ಡ್ ಐರನ್‌ಸೈಡ್ಸ್ ಅನ್ನೋದು ಇದರ ಅಡ್ಡಹೆಸರು. 1797 ಅಕ್ಟೋಬರ್ 21ಕ್ಕೆ ಇದೇ ಬಾಸ್ಟನ್‌ನಲ್ಲಿ ನೀರಿಗಿಳೀತು, ಅಂದ್ರೆ ಆಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳ್ತಿದ್ದ. ಇವತ್ತಿಗೂ ಅಮೆರಿಕದ ನೌಕಾಪಡೆಯ ಲೆಕ್ಕದಲ್ಲಿ ಇದು ಸೇವೆಯಲ್ಲಿರೋ ಹಡಗು, ಮ್ಯೂಸಿಯಂ ಪೀಸ್ ಅಲ್ಲ, ಇದರಲ್ಲಿ ಕೆಲಸ ಮಾಡೋರು ನಿಜವಾದ ನೇವಿ ಸೇಲರ್‌ಗಳು, 1812ರ ಕಾಲದ ಯೂನಿಫಾರ್ಮ್ ಹಾಕ್ಕೊಂಡಿರ್ತಾರೆ ಅಷ್ಟೇ. ಸೇವೆಯಲ್ಲಿದ್ದು ನೀರ ಮೇಲೆ ತೇಲ್ತಿರೋ ಯುದ್ಧದ ಹಡಗುಗಳಲ್ಲಿ ಪ್ರಪಂಚದಲ್ಲೇ ಹಳೇದು ಇದು. ಬ್ರಿಟನ್‌ನವರ ವಿಕ್ಟರಿ ಅನ್ನೋ ಯುದ್ಧದ ಹಡಗು ಇದಕ್ಕಿಂತ ಹಳೇದು ನಿಜ, ಆದ್ರೆ ಅದು ಪೋರ್ಟ್ಸ್‌ಮತ್‌ನಲ್ಲಿ ಡ್ರೈ ಡಾಕ್‌ನಲ್ಲಿ, ಅಂದ್ರೆ ನೀರು ಖಾಲಿ ಮಾಡಿ ಹಡಗು ನಿಲ್ಲಿಸೋ ಕಟ್ಟೆಯಲ್ಲಿ ನಿಂತಿದೆ, ನೀರಲ್ಲಿಲ್ಲ.

ಇದು ಮಾಮೂಲಿ ನಿಂತಿರೋದು ಚಾರ್ಲ್ಸ್‌ಟೌನ್ ನೇವಿ ಯಾರ್ಡ್‌ನಲ್ಲಿ. ವರ್ಷದಲ್ಲಿ ಕೆಲವು ಸಲ ಹೊರಗೆ ತೆಗೀತಾರೆ, ಅದರಲ್ಲಿ ದೊಡ್ಡದು ಜುಲೈ ನಾಲ್ಕರದ್ದು. ಮೊದಲಿನಿಂದ ಇದಕ್ಕೆ ಟರ್ನ್‌ಅರೌಂಡ್ ಕ್ರೂಸ್ ಅಂತ ಹೆಸರು. ಯಾಕಂದ್ರೆ ಮರದ ಹಡಗು ಒಂದೇ ಕಡೆ ಮುಖ ಮಾಡಿ ನಿಂತಿದ್ರೆ ಬಿಸಿಲು ಗಾಳಿ ಎಲ್ಲಾ ಒಂದೇ ಪಕ್ಕಕ್ಕೆ ಹೊಡೆದು ಆ ಪಕ್ಕ ಬೇಗ ಹಾಳಾಗುತ್ತೆ, ಅದಕ್ಕೆ ಹೊರಗೆ ಕರ್ಕೊಂಡು ಹೋಗಿ ವಾಪಸ್ ತಂದು ಉಲ್ಟಾ ಮುಖ ಮಾಡಿ ನಿಲ್ಲಿಸೋದು. ಆ ಕೆಲಸದ ಸುತ್ತ ನಿಧಾನಕ್ಕೆ ಒಂದು ಹಬ್ಬನೇ ಬೆಳೆದುಬಿಟ್ಟಿದೆ.

ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ, ಬೇಜಾರಾಗ್ಬಾರದು. ಹಾಯಿ ಬಿಚ್ಚಿ ಗಾಳಿಗೆ ಹೊಟ್ಟೆ ಉಬ್ಬಿಸ್ಕೊಂಡು ಹೋಗೋ ಹಡಗು ನೋಡ್ತೀವಿ ಅನ್ಕೊಂಡು ಹೋಗ್ಬೇಡಿ, ಟಗ್ ಬೋಟ್‌ಗಳು ಪಕ್ಕಕ್ಕೆ ಕಟ್ಕೊಂಡು ಎಳ್ಕೊಂಡು ಹೋಗ್ತವೆ. ಇದರೊಳಗೆ ಇಂಜಿನ್ ಅಂತ ಏನೂ ಇಲ್ಲ. 1881ರ ನಂತರ ಇದು ಸ್ವಂತ ಹಾಯಿಯಲ್ಲಿ ಹೋಗಿದ್ದು 1997 ಜುಲೈನಲ್ಲಿ, ಮಾರ್ಬಲ್‌ಹೆಡ್ ಹತ್ರ, 116 ವರ್ಷ ಆದ್ಮೇಲೆ. ಆಮೇಲೆ 2012 ಆಗಸ್ಟ್ 19ಕ್ಕೆ ಸ್ವಲ್ಪ ಹೊತ್ತು. ಎಳ್ಕೊಂಡು ಹೋಗೋದೇನು ಹೊಸ ಅವಮಾನ ಅಲ್ಲ, 1931ರಿಂದ 34ರವರೆಗೆ ಅಮೆರಿಕದ ಮೂರೂ ಕರಾವಳಿ ಸುತ್ತಿಸಿ ಸುಮಾರು 90 ಊರಲ್ಲಿ 46 ಲಕ್ಷ ಜನಕ್ಕೆ ತೋರಿಸಿದಾಗಲೂ ಹೀಗೇ ಎಳ್ಕೊಂಡೇ ಹೋಗಿದ್ದು.

ಹತ್ತೋದಾ, ದಡದಲ್ಲಿ ನಿಲ್ಲೋದಾ, ಮೊದ್ಲು ತೀರ್ಮಾನ ಮಾಡಿ

ಇದೇ ಮುಖ್ಯ. ಎಲ್ರೂ ಹತ್ಬೇಕು ಹತ್ಬೇಕು ಅಂತಾರೆ, ಆದ್ರೆ ಒಂದು ಸರಳ ವಿಷ್ಯ ಮರೀತಾರೆ, ಹಡಗಿನ ಮೇಲೆ ನಿಂತವನಿಗೆ ಹಡಗು ಕಾಣಲ್ಲ. ಮೇಲಿದ್ದೋರಿಗೆ ಸಿಗೋದು ಮರದ ಡೆಕ್ಕು, ತಲೆ ಮೇಲೆ ಹಗ್ಗಗಳ ಕಾಡು, ಮದ್ದಿನ ವಾಸನೆ, ಕಾಲಡಿ ನಡುಗು. ಇಡೀ ಹಡಗು, 220 ಅಡಿ ಎತ್ತರದ ನಡುಗಂಬ, ಪಕ್ಕದಿಂದ ಹೊಗೆ ಬರೋದು, ಮುಂದೆ ಫೈರ್ ಬೋಟ್ ನೀರು ಚಿಮ್ಮಿಸ್ಕೊಂಡು ಹೋಗೋದು, ಇದೆಲ್ಲಾ ದಡದಲ್ಲಿದ್ದೋರಿಗೆ. ಎರಡೂ ಬೇರೆ ಬೇರೆ ಅನುಭವ, ಒಂದಕ್ಕಿಂತ ಒಂದು ಕಮ್ಮಿ ಅಲ್ಲ.

ನನ್ನ ಲೆಕ್ಕ ಹೀಗೆ. ಚೆನ್ನಾಗಿ ಓಡಾಡೋ ಶಕ್ತಿ ಇರೋ ದೊಡ್ಡೋರು, ಹತ್ತು ವರ್ಷದ ಮೇಲಿನ ಮಕ್ಳು, ಮೂರು ಗಂಟೆ ಬಿಸಿಲಲ್ಲಿ ನಿಲ್ಲೋಕೆ ತಕರಾರಿಲ್ಲ ಅನ್ನೋರು ಹತ್ತೋಕೆ ಟ್ರೈ ಮಾಡಿ. ಮಂಡಿ ನೋವಿರೋ ಅಮ್ಮ, ಸ್ಟ್ರೋಲರ್‌ನಲ್ಲಿರೋ ಮಗು, ದೊಡ್ಡ ಶಬ್ದಕ್ಕೆ ಬೆಚ್ಚಿ ಅಳೋ ಮಕ್ಳು ಇದ್ರೆ ಸುಮ್ನೆ ದಡಕ್ಕೆ ಹೋಗಿ, ಹಡಗನ್ನ ಇನ್ನೊಂದು ಮಾಮೂಲಿ ದಿನ ಆರಾಮಾಗಿ ಹತ್ತಿ ನೋಡಿ, ಅದು ಫ್ರೀ.

ಹತ್ಬೇಕು ಅನ್ನೋರಿಗೆ

ಟಿಕೆಟ್ ಮಾರಾಟ ಅನ್ನೋದೇ ಇಲ್ಲ, ಇದನ್ನ ತಲೇಲಿಟ್ಕೊಳ್ಳಿ. ಸಾರ್ವಜನಿಕರಿಗೆ ಜಾಗ ಸಿಗೋದು ಲಾಟರಿ ಥರ ಹೆಸರು ಎತ್ತಿ. ಯಾರಾದ್ರೂ ಇಷ್ಟು ಡಾಲರ್‌ಗೆ ಪಾಸ್ ಇದೆ ಅಂದ್ರೆ ಅದು ಮೋಸ, ಇಲ್ಲಾ ಅಂದ್ರೆ ಬಂದರಲ್ಲಿ ಸುತ್ತೋ ಬೇರೆ ಟೂರಿಸ್ಟ್ ಬೋಟಿನ ಟಿಕೆಟ್ಟು, ಎರಡನ್ನೂ ಜನ ಕನ್‌ಫ್ಯೂಸ್ ಮಾಡ್ಕೋತಾರೆ.

ಹಡಗಿನ ಅಫಿಷಿಯಲ್ ವೆಬ್‌ಸೈಟು, ಫೇಸ್‌ಬುಕ್ ಪೇಜು ಎರಡನ್ನೂ ವಸಂತದಿಂದನೇ ನೋಡ್ತಾ ಇರಿ, ಯಾವಾಗ ಅರ್ಜಿ ತಗೋತಾರೆ, ಜೊತೆಗೆ ಎಷ್ಟು ಜನ ಬರಬಹುದು ಅನ್ನೋದೆಲ್ಲಾ ಅಲ್ಲೇ ಹಾಕ್ತಾರೆ. ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಹೋದ ವರ್ಷ ಫ್ರೆಂಡ್ ಹೇಳಿದ್ದನ್ನ ಈ ವರ್ಷಕ್ಕೆ ನಂಬ್ಕೋಬೇಡಿ. ಅರ್ಜಿಯಲ್ಲಿ ಹೆಸರನ್ನ ಪಾಸ್‌ಪೋರ್ಟ್ ಅಥವಾ ಲೈಸೆನ್ಸ್‌ನಲ್ಲಿ ಹೇಗಿದೆಯೋ ಹಾಗೇ ತುಂಬಿ. ನಮ್ಮ ಹೆಸರುಗಳ ಕತೆ ಗೊತ್ತಲ್ಲ, ಇನಿಷಿಯಲ್ ಒಂದ್ ಕಡೆ, ಅಪ್ಪನ ಹೆಸರು ಇನ್ನೊಂದ್ ಕಡೆ, ಊರ ಹೆಸರು ಲಾಸ್ಟ್ ನೇಮ್ ಆಗಿ ಕೂತಿರುತ್ತೆ, ಗೇಟಲ್ಲಿ ಯೂನಿಫಾರ್ಮ್ ಹಾಕಿರೋನಿಗೆ ಇದನ್ನೆಲ್ಲಾ ವಿವರಿಸೋ ಹೊತ್ತು ಅದಲ್ಲ.

ಜುಲೈ ನಾಲ್ಕಕ್ಕೇ ಆಗ್ಬೇಕು ಅಂತೇನಿಲ್ಲ ಅನ್ನೋರು ಬೇರೆ ಕ್ರೂಸ್‌ಗಳ ಮೇಲೂ ಕಣ್ಣಿಡಿ. ಆಗಸ್ಟ್‌ನಲ್ಲಿ 1812ರಲ್ಲಿ ಗೆರಿಯೇರ್ ಅನ್ನೋ ಬ್ರಿಟಿಷ್ ಹಡಗಿನ ಮೇಲೆ ಮಾಡಿದ ಯುದ್ಧದ ನೆನಪಿಗೆ, ಅಕ್ಟೋಬರ್‌ನಲ್ಲಿ ಹುಟ್ಟುಹಬ್ಬಕ್ಕೆ, ಹೀಗೆ ಕೆಲವು ವರ್ಷಗಳಲ್ಲಿ ಹೊರಗೆ ತೆಗೀತಾರೆ. ಕೆಲವು ನೇವಿಯವರಿಗೆ, ಮಾಜಿ ಸೈನಿಕರಿಗೆ ಮಾತ್ರ ಇರುತ್ತೆ, ಆದ್ರೂ ದಡದಿಂದ ನೋಡೋಕೆ ಯಾರ ಪರ್ಮಿಷನ್ನೂ ಬೇಕಿಲ್ಲ. ಅಕ್ಟೋಬರ್‌ನಲ್ಲಿ ಜನ ಕಮ್ಮಿ, ಹವಾ ತಂಪು, ನನ್ನ ಕೇಳಿದ್ರೆ ಅದೇ ಬೆಸ್ಟು.

ಆ ದಿನ ಬೆಳಗ್ಗೆ

ಹಡಗು ಸಾಮಾನ್ಯವಾಗಿ ಹತ್ತು ಗಂಟೆ ಸುಮಾರಿಗೆ ಹೊರಡುತ್ತೆ, ಒಂದು ಗಂಟೆ ಹೊತ್ತಿಗೆ ವಾಪಸ್ಸು. ಹತ್ತೋರು ಅದಕ್ಕೆ ಬಹಳ ಮುಂಚೆನೇ ಅಲ್ಲಿರ್ಬೇಕು, ಎಷ್ಟೊತ್ತಿಗೆ ಅನ್ನೋದನ್ನ ಅವರೇ ತಿಳಿಸ್ತಾರೆ, ನೀವು ಅದಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ.

ಕಾರು ಬೇಡ. ಚಾರ್ಲ್ಸ್‌ಟೌನ್ ರಸ್ತೆಗಳೆಲ್ಲಾ ಸಣ್ಣವು, ರಸ್ತೆ ಪಕ್ಕದ ಪಾರ್ಕಿಂಗ್ ಹೆಚ್ಚಿನದ್ದು ಅಲ್ಲಿ ವಾಸ ಮಾಡೋರಿಗೆ. ಆರೆಂಜ್ ಲೈನ್ ಅಥವಾ ಗ್ರೀನ್ ಲೈನ್ ಟ್ರೈನಲ್ಲಿ ನಾರ್ತ್ ಸ್ಟೇಷನ್‌ಗೆ ಬಂದು ಸೇತುವೆ ದಾಟಿ ನಡ್ಕೊಂಡು ಹೋದ್ರೆ ಇಪ್ಪತ್ತು ನಿಮಿಷದೊಳಗೆ ಯಾರ್ಡು. ಇಲ್ಲಾ ಅಂದ್ರೆ ಲಾಂಗ್ ವಾರ್ಫ್‌ನಿಂದ ಎಂಬಿಟಿಎ ಅನ್ನೋ ಇಲ್ಲಿನ ಸಾರಿಗೆ ಸಂಸ್ಥೆಯ ಫೆರಿ, ಹತ್ತು ನಿಮಿಷ, ಅಪ್ಪ ಅಮ್ಮನಿಗೆ ಅದೇ ಒಂದು ಸಣ್ಣ ಬೋಟ್ ಸವಾರಿ ಆದಂಗಾಗುತ್ತೆ. ಆದ್ರೆ ಹಬ್ಬದ ದಿನದ ಟೈಮ್‌ಟೇಬಲ್ ಬೇರೆ ಇರುತ್ತೆ, ಹಿಂದಿನ ರಾತ್ರಿನೇ ನೋಡ್ಕೊಳ್ಳಿ. ದಾರಿ ತಪ್ಪೋ ಚಾನ್ಸೇ ಇಲ್ಲ, ಊರಿನ ಐತಿಹಾಸಿಕ ಜಾಗಗಳನ್ನ ಸೇರಿಸೋ ಫ್ರೀಡಂ ಟ್ರೇಲ್ ಅನ್ನೋ ನಡಿಗೆ ದಾರಿಯ ಕೆಂಪು ಗೆರೆ ಫುಟ್‌ಪಾತ್ ಮೇಲೆ ಹಡಗಿನ ತನಕ ಹೋಗುತ್ತೆ.

ಗೇಟಲ್ಲಿ ಏರ್‌ಪೋರ್ಟ್ ಥರ ಚೆಕಿಂಗ್. ದೊಡ್ಡೋರಿಗೆಲ್ಲಾ ಫೋಟೋ ಇರೋ ಐಡಿ ಬೇಕೇ ಬೇಕು, ವಿಸಿಟರ್ ವೀಸಾದಲ್ಲಿ ಬಂದಿರೋ ಅಪ್ಪ ಅಮ್ಮನ ಹತ್ರ ಒರಿಜಿನಲ್ ಪಾಸ್‌ಪೋರ್ಟ್ ಇರ್ಲಿ, ಫೋನಲ್ಲಿರೋ ಫೋಟೋ ತೋರಿಸಿ ಒಳಗೆ ಹೋಗ್ತೀವಿ ಅನ್ನೋ ಧೈರ್ಯ ಬೇಡ. ಪಾಕೆಟ್ ಚಾಕು, ಹಣ್ಣು ಹೆಚ್ಚೋ ಚಾಕು ಬ್ಯಾಗಲ್ಲಿದ್ರೆ ಮನೇಲೇ ತೆಗೆದಿಡಿ, ನಮ್ಮ ಅಮ್ಮಂದಿರ ವ್ಯಾನಿಟಿ ಬ್ಯಾಗಲ್ಲಿ ಒಂದು ಇದ್ದೇ ಇರುತ್ತೆ. ದೊಡ್ಡ ಬ್ಯಾಗು ಬೇಡವೇ ಬೇಡ.

ಬಟ್ಟೆ ಬಗ್ಗೆ ಹೇಳ್ಬೇಕು. ಡೆಕ್ಕಿಂದ ಡೆಕ್ಕಿಗೆ ಇಳಿಯೋಕಿರೋದು ಮೆಟ್ಟಿಲಲ್ಲ, ಏಣಿ ಅನ್ನಬಹುದು, ಅಷ್ಟು ಕಡಿದು. ಸೀರೆ, ಪಂಚೆ, ಉದ್ದ ದುಪಟ್ಟಾ ಇವೆಲ್ಲಾ ಕಾಲಿಗೆ ಸಿಕ್ಕಾಕೊಳ್ಳುತ್ತೆ, ಚೂಡಿದಾರ್ ಪ್ಯಾಂಟು, ಹಿಂದೆ ಪಟ್ಟಿ ಇರೋ ಗಟ್ಟಿ ಚಪ್ಪಲಿ ಅಥವಾ ಶೂ ಹಾಕ್ಕೊಳ್ಳಿ. ಊರಲ್ಲಿ ಎಷ್ಟೇ ಸೆಖೆ ಇದ್ರೂ ನೀರ ಮೇಲೆ ಗಾಳಿ ತಣ್ಣಗಿರುತ್ತೆ, ಒಂದು ತೆಳು ಜಾಕೆಟ್, ಟೋಪಿ, ಸನ್‌ಸ್ಕ್ರೀನ್ ಇರ್ಲಿ. ಹತ್ತೋಕ್ ಮುಂಚೆ ಬಾತ್‌ರೂಮಿಗೆ ಹೋಗಿ ಬಂದ್ಬಿಡಿ, ಮೂರು ಗಂಟೆ ಅಂದ್ರೆ ಸಣ್ಣ ಹೊತ್ತಲ್ಲ.

ಹಡಗಿನ ಮೇಲೆ

ಹತ್ತಿದ ತಕ್ಷಣ ಎಲ್ರೂ ಮುಂದಕ್ಕೆ ಓಡ್ತಾರೆ. ಓಡ್ಬೇಡಿ. ಕೂರೋಕೆ ಸೀಟ್ ಇರೋ ಕ್ರೂಸ್ ಅಲ್ಲ ಇದು, ನಿಲ್ಲೋದೇ, ಅದಕ್ಕೆ ನೆರಳು ಎಲ್ಲಿ ಬೀಳುತ್ತೆ, ಆನ್ಕೊಳ್ಳೋಕೆ ಏನಿದೆ ಅಂತ ನೋಡ್ಕೊಂಡು ನಿಂತ್ಕೊಳ್ಳಿ. ಹಗ್ಗಗಳನ್ನ ಹಿಡ್ಕೊಂಡು ಜೋತಾಡೋದು, ಫಿರಂಗಿ ಮೇಲೆ ಮಗು ಕೂರ್ಸಿ ಫೋಟೋ ತೆಗಿಯೋದು ಮಾಡ್ಬೇಡಿ, ಬೈತಾರೆ, ಬೈಬೇಕು ಕೂಡ.

ಮೇಲಿನದ್ದು ಸ್ಪಾರ್ ಡೆಕ್, ಅದರ ಕೆಳಗೆ ಗನ್ ಡೆಕ್, ಅದರ ಕೆಳಗೆ ಬರ್ತ್ ಡೆಕ್. ಗನ್ ಡೆಕ್‌ನಲ್ಲಿ ಎರಡೂ ಪಕ್ಕ ಸಾಲಾಗಿ 24 ಪೌಂಡ್ ಗುಂಡು ಹಾರಿಸೋ ಉದ್ದನೆ ಫಿರಂಗಿಗಳು, ಒಟ್ಟು ಮೂವತ್ತು. ಈಗಿರೋವು ಒರಿಜಿನಲ್ ಅಲ್ಲ, ಹೆಚ್ಚಿನವು ಆಮೇಲೆ ಮಾಡಿ ಇಟ್ಟಿರೋ ನಕಲು. ಬರ್ತ್ ಡೆಕ್‌ನಲ್ಲಿ ನಾವಿಕರು ತೂಗು ಹಾಸಿಗೆ ಕಟ್ಕೊಂಡು ಮಲಗ್ತಿದ್ರು, ಅಲ್ಲಿ ಚಾವಣಿ ತಗ್ಗು, ಸ್ವಲ್ಪ ಎತ್ತರ ಇರೋರು ತಲೆ ಬಗ್ಗಿಸ್ಕೊಂಡೇ ಓಡಾಡಿ, ತೊಲೆಗೆ ಹೊಡ್ಸ್ಕೊಂಡ್ರೆ ಜಾತ್ರೆ ಎಲ್ಲಾ ಮುಗೀತು. ಸೇಲರ್‌ಗಳು ಫಿರಂಗಿ ನಡೆಸೋ ಡ್ರಿಲ್ ಮಾಡಿ ತೋರಿಸ್ತಾರೆ, ಯಾರು ಎಲ್ಲಿ ನಿಲ್ಬೇಕು, ಯಾವಾಗ ಎಳೀಬೇಕು ಅಂತ. ಅದನ್ನ ಬಿಟ್ಟು ಸೆಲ್ಫಿ ತೆಗೀತಾ ಕೂರ್ಬೇಡಿ. ಅವರನ್ನ ಮಾತಾಡ್ಸಿ, ಹೆಚ್ಚಿನವರು ಇಪ್ಪತ್ತರ ಹರೆಯದ ಹುಡುಗ ಹುಡುಗೀರು, ಕೇಳಿದ್ರೆ ಖುಷಿಯಿಂದ ಹೇಳ್ತಾರೆ.

ರಾಷ್ಟ್ರಗೀತೆ ಬಂದಾಗ ಟೋಪಿ ತೆಗೀರಿ ಸಾಕು, ಎದೆ ಮೇಲೆ ಕೈ ಇಡೋದು ಅಲ್ಲಿನ ನಾಗರಿಕರಿಗೆ, ನೀವು ಸುಮ್ನೆ ನೆಟ್ಟಗೆ ನಿಂತ್ರೆ ಮರ್ಯಾದೆಗೇನೂ ಕಮ್ಮಿ ಆಗಲ್ಲ.

ತೋಪಿನ ಹೊತ್ತು. ಬಂದರಿನ ಹೊರಬಾಗಿಲ ಕಡೆ ಕ್ಯಾಸಲ್ ಐಲ್ಯಾಂಡ್ ಅಂತ ಇದೆ, ಅಲ್ಲಿ ಫೋರ್ಟ್ ಇಂಡಿಪೆಂಡೆನ್ಸ್ ಅನ್ನೋ ಗ್ರಾನೈಟ್ ಕೋಟೆ. ಅದರ ಎದುರಿಗೆ ಸುಮಾರು ಹನ್ನೊಂದೂವರೆಗೆ ಹಡಗಿಂದ 21 ತೋಪು ಹಾರಿಸ್ತಾರೆ, ಕೋಟೆ ಕಡೆಯಿಂದ ಮ್ಯಾಸಚೂಸೆಟ್ಸ್ ನ್ಯಾಷನಲ್ ಗಾರ್ಡ್‌ನವರು ಉತ್ತರ ಕೊಡ್ತಾರೆ. ಮೈಸೂರು ದಸರಾದಲ್ಲಿ ಅರಮನೆ ಹತ್ರ 21 ಕುಶಾಲತೋಪು ಕೇಳಿದ್ದೋರಿಗೆ ಅಂದಾಜಿರುತ್ತೆ, ಅದೇ ಥರ, ಆದ್ರೆ ನೀವು ಫಿರಂಗಿ ಇರೋ ಹಲಗೆ ಮೇಲೇ ನಿಂತಿರ್ತೀರ, ಶಬ್ದ ಕಿವಿಗಿಂತ ಮೊದ್ಲು ಅಂಗಾಲಿಗೆ ಬರುತ್ತೆ. ಮಕ್ಳಿಗೆ ಕಿವಿ ಮುಚ್ಚೋ ಹೆಡ್‌ಫೋನ್, ದೊಡ್ಡೋರಿಗೆ ಇಯರ್ ಪ್ಲಗ್ಗು, ಇದನ್ನ ಮಾತ್ರ ಮರೀಬೇಡಿ. ಬರೀ ಮದ್ದು, ಗುಂಡೇನೂ ಇರಲ್ಲ. ವಿಡಿಯೋ ಮಾಡೋರು ಮೊದಲ ಎರಡು ಮೂರು ತೋಪು ಬಿಟ್ಟು ಆಮೇಲೆ ಶುರು ಮಾಡಿ, ಮೊದಲನೇದಕ್ಕೆ ಕೈ ನಡುಗೇ ನಡುಗುತ್ತೆ.

ವಾಪಸ್ ಬರ್ತಾ ನಾರ್ತ್ ಎಂಡ್‌ನ ಕೋಸ್ಟ್ ಗಾರ್ಡ್ ಬೇಸ್ ಮುಂದೆ ಇನ್ನೊಂದು ಸಲ, 17 ತೋಪು. ಮುಗೀತು ಅಂತ ಎಲ್ರೂ ಬ್ಯಾಗ್ ಎತ್ಕೋತಿರ್ತಾರೆ, ಆಗ ಬರುತ್ತೆ ಇದು. ಹಡಗು ಕಟ್ಟಿದ ಎಡ್ಮಂಡ್ ಹಾರ್ಟ್ ಅನ್ನೋನ ಯಾರ್ಡ್ ಇದ್ದಿದ್ದು ಅದೇ ಜಾಗದಲ್ಲಿ. 1797ರಲ್ಲಿ ದೇಶದಲ್ಲಿದ್ದಿದ್ದು 16 ರಾಜ್ಯ, ರಾಜ್ಯಕ್ಕೊಂದು, ಹಡಗಿಗೊಂದು, ಒಟ್ಟು 17. ತನ್ನ ತವರುಮನೆ ಮುಂದೆ ಹಾದುಹೋಗ್ತಾ ನಮಸ್ಕಾರ ಮಾಡೋದು ಇದು, 21ಕ್ಕಿಂತ ನಂಗೆ ಇದೇ ಇಷ್ಟ.

ದಡದಿಂದ ನೋಡೋರಿಗೆ

ಜಾಗ ಒಂದೇ ಹೇಳು ಅಂದ್ರೆ ಕ್ಯಾಸಲ್ ಐಲ್ಯಾಂಡ್. ಹೆಸರಿಗೆ ಐಲ್ಯಾಂಡು, ಈಗ ಸೌತ್ ಬಾಸ್ಟನ್‌ಗೆ ಸೇರ್ಕೊಂಡಿದೆ, ನಡ್ಕೊಂಡೇ ಹೋಗಬಹುದು. ಸಿಟಿ ಪಾಯಿಂಟ್ ಕಡೆ ಹೋಗೋ ಬಸ್ ಹತ್ತಿ ಇಳಿದು ಬೀಚ್ ಪಕ್ಕ ನಡೀರಿ. ಕಾರಲ್ಲೇ ಬರ್ತೀವಿ ಅನ್ನೋರು ಒಂಬತ್ತಕ್ಕೆಲ್ಲಾ ಅಲ್ಲಿರಿ, ಆಮೇಲೆ ಪಾರ್ಕಿಂಗ್ ದೇವರೇ ಗತಿ. ದಾರಿ ಸಮತಟ್ಟು, ವೀಲ್‌ಚೇರ್, ಸ್ಟ್ರೋಲರ್ ಆರಾಮಾಗಿ ಹೋಗುತ್ತೆ, ಬಾತ್‌ರೂಮ್ ಇದೆ, ಹುಲ್ಲಿನ ಮೇಲೆ ಚಾಪೆ ಹಾಸ್ಕೊಂಡು ಚಿತ್ರಾನ್ನ, ಮೊಸರನ್ನ ಬಿಚ್ಚಬಹುದು. ಅಲ್ಲೇ ಸಲ್ಲಿವನ್ಸ್ ಅನ್ನೋ ಹಳೇ ಅಂಗಡಿ ಇದೆ, ಸಸ್ಯಾಹಾರಿಗಳಿಗೆ ಫ್ರೆಂಚ್ ಫ್ರೈಸ್, ಐಸ್ ಕ್ರೀಮ್ ಬಿಟ್ರೆ ಜಾಸ್ತಿ ಆಸೆ ಇಟ್ಕೋಬೇಡಿ, ಅದಕ್ಕೇ ಡಬ್ಬಿ ತಗೊಂಡು ಹೋಗಿ ಅಂದಿದ್ದು. ಎದುರಿಗೆ ಲೋಗನ್ ಏರ್‌ಪೋರ್ಟು, ವಿಮಾನ ತಲೆ ಮೇಲೇ ಹೋಗ್ತಿರುತ್ತೆ, ಅಪ್ಪನಿಗೆ ಅದೇ ಅರ್ಧ ದಿನ ಸಾಕಾಗಬಹುದು.

ನ್ಯಾಷನಲ್ ಗಾರ್ಡ್‌ನವರ ಫಿರಂಗಿ ಹತ್ರನೇ ಇರುತ್ತೆ, ಸಣ್ಣ ಮಕ್ಳಿದ್ರೆ ಅದರಿಂದ ದೂರ ಜಾಗ ಹಿಡೀರಿ. ಹಡಗು ಇನ್ನೂ ದೂರ ಇದ್ದಾಗಲೇ ಕ್ಯಾಮೆರಾ ರೆಡಿ ಮಾಡ್ಕೊಳ್ಳಿ, ತೋಪು ಹಾರಿಸೋವಾಗ ಗಾಳಿ ಈ ಕಡೆ ಇದ್ರೆ ಹೊಗೆಯಲ್ಲಿ ಹಡಗೇ ಮರೆಯಾಗ್ಬಿಡುತ್ತೆ.

ಸಿಟಿ ಬಿಟ್ಟು ಅಷ್ಟು ದೂರ ಆಗಲ್ಲ ಅನ್ನೋರಿಗೆ ನಾರ್ತ್ ಎಂಡ್‌ನ ಲ್ಯಾಂಗೋನ್ ಪಾರ್ಕ್ ಕಡೆ ನೀರಂಚಿಗೆ ಹೋದ್ರೆ ಹೊರಡೋದೂ ಬರೋದೂ ಎರಡೂ ಸಿಗುತ್ತೆ, 17 ತೋಪೂ ಹತ್ರ. ಈಸ್ಟ್ ಬಾಸ್ಟನ್‌ನ ಪಿಯರ್ಸ್ ಪಾರ್ಕ್‌ನಿಂದ ಹಿಂದೆ ಸಿಟಿ ಬಿಲ್ಡಿಂಗ್‌ಗಳು, ಮುಂದೆ ಹಡಗು, ಫೋಟೋಗೆ ಅದೇ ಒಳ್ಳೇದು. ಸ್ವಂತ ಬೋಟೋ ಕಯಾಕೋ ಇರೋ ಫ್ರೆಂಡ್ ಕರೆದ್ರೆ ಹೋಗಿ, ಆದ್ರೆ ಹಡಗಿನ ಹತ್ರ ಬಿಡಲ್ಲ, ಸುತ್ತ ಪೊಲೀಸ್ ಬೋಟ್ ಕಾವಲಿರುತ್ತೆ.

ಕಾಯೋ ಹೊತ್ತಲ್ಲಿ ಮಕ್ಳಿಗೆ ಹೇಳೋಕೆ

ದಡದಲ್ಲಿ ಒಂದೆರಡು ಗಂಟೆ ಕಾಯ್ಬೇಕಾಗುತ್ತೆ, ಮಕ್ಳು ಫೋನ್ ಕೇಳ್ತಾರೆ, ಅದಕ್ಕೆ ಒಂದಿಷ್ಟು ಕತೆ ಇಟ್ಕೊಳ್ಳಿ. ಮೊದಲ ಸಲ ನೀರಿಗೆ ಬಿಡೋಕೆ ಹೋದಾಗ ಈ ಹಡಗು 27 ಅಡಿ ಜಾರಿ ನಿಂತೇಬಿಡ್ತು, ಎರಡನೇ ಸಲನೂ ಆಗ್ಲಿಲ್ಲ, ಮೂರನೇ ಸಲ ಇಳೀತು. ಓಲ್ಡ್ ಐರನ್‌ಸೈಡ್ಸ್ ಅನ್ನೋ ಅಡ್ಡಹೆಸರು ಬಂದಿದ್ದು 1812 ಆಗಸ್ಟ್ 19ರ ಯುದ್ಧದಲ್ಲಿ, ಬ್ರಿಟಿಷರ ಗೆರಿಯೇರ್ ಹಡಗಿನ ಗುಂಡುಗಳು ಇದರ ಪಕ್ಕಕ್ಕೆ ಬಡಿದು ನೀರಿಗೆ ಬಿದ್ವಂತೆ, ಕಬ್ಬಿಣದ ಪಕ್ಕೆ ಇರ್ಬೇಕು ಅಂತ ನಾವಿಕರು ಕೂಗಿದ್ರಂತೆ. ಕಬ್ಬಿಣ ಏನಿಲ್ಲ, ಹೊರಗೂ ಒಳಗೂ ವೈಟ್ ಓಕ್ ಹಲಗೆ, ನಡುವೆ ದಕ್ಷಿಣದ ಲೈವ್ ಓಕ್ ಅನ್ನೋ ತುಂಬಾ ಭಾರದ ಗಟ್ಟಿ ಮರದ ಪಕ್ಕೆಲುಬುಗಳು, ಒತ್ತೊತ್ತಾಗಿ ಇಟ್ಟಿರೋದು, ಸೇರಿ ಎರಡಡಿ ಹತ್ರ ದಪ್ಪ. 1920ರ ದಶಕದಲ್ಲಿ ರಿಪೇರಿಗೆ ದುಡ್ಡಿಲ್ಲದೆ ನಿಂತಾಗ ಶಾಲೆ ಮಕ್ಳು ಚಿಲ್ಲರೆ ಕಾಸು ಕೂಡಿಸಿ ಕೊಟ್ಟಿದ್ರು, ಇದು ಮಕ್ಳಿಗೆ ಹಿಡಿಸುತ್ತೆ.

ನಮ್ಮ ಕಡೆಗೂ ಒಂದು ಎಳೆ ಇದೆ. 1812 ಡಿಸೆಂಬರ್ 29ಕ್ಕೆ ಬ್ರೆಜಿಲ್ ತೀರದಾಚೆ ಇದು ಜಾವಾ ಅನ್ನೋ ಬ್ರಿಟಿಷ್ ಹಡಗನ್ನ ಸೋಲಿಸಿ ಸುಟ್ಟುಹಾಕ್ತು. ಆ ಜಾವಾ ಹೊರಟಿದ್ದು ಇಂಡಿಯಾ ಕಡೆಗೆ, ಬಾಂಬೆಯಲ್ಲಿ ಕಟ್ತಿದ್ದ ಹಡಗುಗಳಿಗೆ ತಾಮ್ರ ತುಂಬ್ಕೊಂಡು, ಬಾಂಬೆಗೆ ಹೋಗ್ತಿದ್ದ ಥಾಮಸ್ ಹಿಸ್ಲಾಪ್ ಅನ್ನೋ ಜನರಲ್‌ನ ಕೂರಿಸ್ಕೊಂಡು. ಹಿಸ್ಲಾಪ್ ಸೆರೆ ಸಿಕ್ಕಿ ಬಿಡುಗಡೆ ಆದ, ಆಮೇಲೆ ಇಂಡಿಯಾಕ್ಕೆ ಬಂದು 1817ರಲ್ಲಿ ಮಹಿದಪುರದಲ್ಲಿ ಹೋಳ್ಕರರ ಮೇಲೆ ಯುದ್ಧ ಮಾಡಿದಾಗ ಅವನ ಜೊತೆ ಇದ್ದಿದ್ದು ನಮ್ಮ ಮೈಸೂರಿನ ಸಿಲ್ಲೇದಾರ್, ಅಂದ್ರೆ ಸ್ವಂತ ಕುದುರೆ ತರೋ ಸವಾರರ ಸೈನ್ಯ. ಇನ್ನು ಆ ದಿನ ಹಾಡೋ ರಾಷ್ಟ್ರಗೀತೆಯಲ್ಲಿ ರಾಕೆಟ್ ಮಾತು ಬರುತ್ತಲ್ಲ, 1814ರಲ್ಲಿ ಬಾಲ್ಟಿಮೋರ್ ಕೋಟೆ ಮೇಲೆ ಬ್ರಿಟಿಷರು ಬಿಟ್ಟ ಆ ಕಾಂಗ್ರೀವ್ ರಾಕೆಟ್‌ಗಳಿಗೆ ಪ್ರೇರಣೆ ಮೈಸೂರಿನ ರಾಕೆಟ್‌ಗಳೇ. ಇದನ್ನ ಅಜ್ಜ ಮೊಮ್ಮಕ್ಳಿಗೆ ಹೇಳಿದ್ರೆ ಇನ್ನೂ ಚೆಂದ.

ಇನ್ನೊಂದು ದಿನ ಹೋಗಿ ಹತ್ತೋದು

ಅದೇ ದಿನ ಮಧ್ಯಾಹ್ನ ಹಡಗೊಳಗೆ ಬಿಡ್ತಾರೋ ಇಲ್ವೋ ನೋಡ್ಕೊಂಡು ಹೋಗಿ, ಬಿಟ್ರೂ ಕ್ಯೂ ದೊಡ್ಡದಿರುತ್ತೆ. ಮುಂದಿನ ವಾರದ ಯಾವುದಾದ್ರೂ ವೀಕ್‌ಡೇ ಬೆಳಗ್ಗೆ ಬನ್ನಿ, ವಾರದಲ್ಲಿ ಕೆಲವು ದಿನ ಮುಚ್ಚಿರುತ್ತೆ, ಹೊರಡೋಕ್ ಮುಂಚೆ ಚೆಕ್ ಮಾಡಿ. ದುಡ್ಡಿಲ್ಲ, ಐಡಿ ಮಾತ್ರ. ಪಕ್ಕದ ಮ್ಯೂಸಿಯಂನಲ್ಲಿ ಕೈಲಾದಷ್ಟು ಕೊಟ್ಟು ಒಳಗೆ ಹೋಗಬಹುದು, ಮಕ್ಳಿಗೆ ತೂಗು ಹಾಸಿಗೆಯಲ್ಲಿ ಮಲಗಿ ನೋಡೋಕೆಲ್ಲಾ ಇದೆ, ಏಣಿ ಇಳಿಯೋಕಾಗದ ದೊಡ್ಡೋರೂ ಇಲ್ಲಿ ಕೂತು ಆರಾಮಾಗಿ ನೋಡಬಹುದು. ಅಲ್ಲೇ ಎರಡನೇ ಮಹಾಯುದ್ಧದ ಕ್ಯಾಸಿನ್ ಯಂಗ್ ಅನ್ನೋ ಉಕ್ಕಿನ ಹಡಗೂ ನಿಂತಿದೆ, 1833ರಲ್ಲಿ ಶುರುವಾದ ಡ್ರೈ ಡಾಕೂ ಇದೆ, ಆ ಡಾಕಿಗೆ ಮೊದಲು ಇಳಿದಿದ್ದೇ ಕಾನ್‌ಸ್ಟಿಟ್ಯೂಷನ್. 2015ರಿಂದ 2017ರವರೆಗೆ ರಿಪೇರಿಗೆ ಮತ್ತೆ ಅದರಲ್ಲೇ ಇತ್ತು. 1775ರ ಯುದ್ಧದ ನೆನಪಿನ ಬಂಕರ್ ಹಿಲ್ ಸ್ತಂಭ ಹತ್ತು ನಿಮಿಷದ ನಡಿಗೆ, 294 ಮೆಟ್ಟಿಲು, ಲಿಫ್ಟ್ ಇಲ್ಲ, ಹಡಗಿನ ಏಣಿ ಹತ್ತಿಳಿದ ದಿನವೇ ಅದನ್ನೂ ಹತ್ಸೋಕೆ ಹೋಗ್ಬೇಡಿ.

ಜುಲೈ ನಾಲ್ಕಕ್ಕೆ ಕ್ಯಾಸಲ್ ಐಲ್ಯಾಂಡ್‌ನಿಂದ ಹೊರಡೋವಾಗ ಎಲ್ರೂ ಒಟ್ಟಿಗೆ ಕಾರು ತೆಗೀತಾರೆ, ಆ ಗುಂಪಲ್ಲಿ ಸೇರ್ಕೋಬೇಡಿ. ಊಟ ಮಾಡಿ ಪ್ಲೆಷರ್ ಬೇ ಸುತ್ತ ಒಂದು ರೌಂಡ್ ನಡೆದು, ಮಕ್ಳನ್ನ ನೀರಲ್ಲಿ ಆಡಿಸಿ ಎರಡೂವರೆ ಮೂರಕ್ಕೆ ಹೊರಡಿ. ರಾತ್ರಿ ಪಟಾಕಿನೂ ನೋಡ್ಬೇಕು ಅನ್ನೋರು ಮನೆಗೆ ಹೋಗಿ ಒಂದು ನಿದ್ದೆ ಮಾಡಿ ಮತ್ತೆ ಬನ್ನಿ, ದೊಡ್ಡೋರನ್ನ ಮಾತ್ರ ಮನೇಲಿ ಟಿವಿ ಮುಂದೆ ಬಿಡಿ.